ನೆನೆದ ರಟ್ಟಿನ ರುಚಿ

ಲಿಂಡ್ಸೇ ಗ್ಲಾಸನ್ನು ವಾರೆಯಾಗಿ ಹಿಡಿದು ಬಿಯರು ಪೀಪಾಯಿಯ ನಲ್ಲಿ ಎಳೆದ. ನೊರೆ ಹದವಾಗಿ ಬಂತು. ಬಣ್ಣ ಮಾತ್ರ ಒಂದಿಷ್ಟು ಕಂದಿದ ಹಾಗಿತ್ತು.

ಮರ್ವ್‌ನ ಗೋರಿಯ ಹತ್ತಿರದಿಂದ ನೇರವಾಗಿ ಬಂದ ಮೂವತ್ತು ಜನ ಅವನ ಹಿತ್ತಲಲ್ಲಿ, ಶೆಡ್ಡಿನ ಬಾಗಿಲ ಎದುರು ನಿಂತಿದ್ದರು. ಡರ್ವೆಂಟ್ ಕಣಿವೆಯಲ್ಲಿ ಮನೆಯಲ್ಲೇ ಬಿಯರು ಕುದಿಸುವ ನಮ್ಮವರದೊಂದು ಪದ್ಧತಿ: ಸತ್ತವನನ್ನು ಮಣ್ಣು ಮಾಡಿದ ದಿನವೇ ಅವನ ಕೊನೆಯ ಪೀಪಾಯಿಯನ್ನು ಎಲ್ಲರೂ ಸೇರಿ ಬರಿದು ಮಾಡಬೇಕು. ಹನಿ ಉಳಿದರೂ ಸತ್ತವನಿಗೆ ಅವಮಾನ.

ಮೊದಲ ಗ್ಲಾಸು ಬಿಯರು ಸಂಘದ ಅಧ್ಯಕ್ಷ ಡೆಸ್ಮಂಡ್‌ಗೆ. "ನಮ್ಮ ಮರ್ವ್ ಹೆಸರಲ್ಲಿ!" ಎಂದು ಅವನು ಎತ್ತಿ ಕುಡಿದ. ಎರಡನೇ ಗುಟುಕಿಗೆ ಮುಖ ಸಿಂಡರಿಸಿ ಗುಲಾಬಿ ಗಿಡದ ಬುಡಕ್ಕೆ ಉಗಿದ.

"ಏನೋ ಇದು ಲಿಂಡ್ಸೇ? ನೆನೆದ ರಟ್ಟು ಅಗಿದ ಹಾಗಿದೆಯಲ್ಲೋ!"

"ಮತ್ತೆ ಅದೇನಾ?" ಎಂದಳು ಡೆಸ್ಮಂಡ್‌ನ ಹೆಂಡತಿ ಬೆರಿಲ್. "ನಿನ್ನೆ ಬಂದು ಪೀಪಾಯಿ ಮುಟ್ಟಿದ್ದು ಇವನೇ ಅಲ್ವಾ?"

"ನೋಲೀನ್ ಕರೆದಳು, ಬಂದೆ" ಎಂದ ಲಿಂಡ್ಸೇ, ಮರ್ವ್‌ನ ಹೆಂಡತಿಯ ಕಡೆ ನೋಡುತ್ತ. "ಗ್ಯಾಸಿನ ಪೈಪು, ನಲ್ಲಿ ಪೈಪು ಸಿಕ್ಕಿಸಿದೆ. ಮುಚ್ಚಳಕ್ಕೆ ಕೈ ಹಾಕಿಲ್ಲ."

"ಹೋದ ವರ್ಷಾನೂ ಇದೇ ರಾಗ ಹಾಡಿದ್ದೆ ಮಾರಾಯ" ಎಂದ ಡೆಸ್ಮಂಡ್.

ಯಾರೋ ಕಿಸಕ್ಕನೆ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ಲಿಂಡ್ಸೇ ಸುಮ್ಮಸುಮ್ಮನೆ ತನ್ನ ಕೈ ನೋಡಿಕೊಂಡ. ನಾಚಿಕೆಯಾಯಿತು. ತಾನೂ ಒಂದು ಗುಟುಕು ಕುಡಿದ. ಅದೇ ರುಚಿ. ಮರ್ವ್‌ನ ಜೊತೆ ಮೂವತ್ತೆಂಟು ವರ್ಷ ಕಾಗದದ ಕಾರ್ಖಾನೆಯಲ್ಲಿ ದುಡಿದವನು. ನೆನೆದ ರಟ್ಟು ಅಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

* * *

ಹೋದ ವರ್ಷ ಇದೇ ಮಾರ್ಚ್ ತಿಂಗಳು. ಕಣಿವೆಯ ಸ್ಪರ್ಧೆಗೆಂದು ಇಬ್ಬರೂ ಪೀಪಾಯಿ ಹೇರಿಕೊಂಡು ಹೊರಟಿದ್ದರು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಗಳ ಕೊಯ್ಲು ಜೋರಾಗಿತ್ತು. ಕಾರಿನ ಕಿಟಕಿ ತೆರೆದರೆ ಆ ಘಮ ಮುಖಕ್ಕೆ ರಾಚುತ್ತಿತ್ತು. ಸೀಟಿಗೊರಗಿ ಕಣ್ಣು ಮುಚ್ಚಿದ್ದ ಮರ್ವ್ ಕೇಳಿದ್ದ: "ಕೊಯ್ಲು ಇನ್ನೂ ಶುರುವಾಗಿಲ್ವೇನೋ?"

ತಮಾಷೆಯೆಂದುಕೊಂಡು ಲಿಂಡ್ಸೇ ನಕ್ಕಿದ್ದ. ಮರ್ವ್ ಅಂದರೆ ಕಣಿವೆಗೇ ಒಂದು ಮೂಗು. ಗ್ಲಾಸು ಮೂಸಿ, ಯಾರ ತೋಟದ ಹಾಪ್ಸು, ಯಾವ ವಾರ ಕೊಯ್ದದ್ದು ಎಂದು ಹೇಳುತ್ತಿದ್ದವನು.

ಸಂಜೆ ತೀರ್ಪು ಬಂತು. "ನೆನೆದ ರಟ್ಟಿನ ರುಚಿ. ಪೀಪಾಯಿಗೆ ಗಾಳಿ ಹೊಕ್ಕಿದೆ." ಮರ್ವ್ ಚೀಟಿಯನ್ನು ಎರಡು ಸಲ ಓದಿ, ಎಲ್ಲರ ಎದುರು ಎದ್ದು ನಿಂತ.

"ಕುದಿಸಿದ್ದು ನಾನು, ಪೀಪಾಯಿಗೆ ತುಂಬಿದ್ದು ಲಿಂಡ್ಸೇ. ಮೂರು ಸಲ ಗಾಳಿ ಬಿಡಿಸಿಲ್ಲ ಇವನು."

ಬಿಯರಿಗೆ ಗಾಳಿಯೇ ಶತ್ರು. ತುಂಬಿ ಮುಚ್ಚಿದ ಮೇಲೆ ಸೋಡಾಕ್ಕೆ ಹಾಕುವ ಗ್ಯಾಸು ಬಿಟ್ಟು, ಮುಚ್ಚಳದ ಉಂಗುರ ಎಳೆದು, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಬುಸ್ಸೆಂದು ಹೊರದೂಡಬೇಕು. ಒಂದಲ್ಲ, ಮೂರು ಸಲ. ಬಿಡಿಸಿದ್ದೆ ಎಂದು ಲಿಂಡ್ಸೇಗೆ ಖಾತ್ರಿಯಿತ್ತು. ರಾತ್ರಿ ಮಲಗಿದಾಗ ಅಷ್ಟು ಖಾತ್ರಿ ಇರಲಿಲ್ಲ. ವಯಸ್ಸು ಎಪ್ಪತ್ತೊಂದು, ಎರಡೇ ಸಲ ಬಿಡಿಸಿದ್ದೆನೇ? ವರ್ಷವಿಡೀ ಇಬ್ಬರೂ ಮಾತಾಡಲಿಲ್ಲ. ಮೊನ್ನೆ ಶುಕ್ರವಾರ ಮರ್ವ್ ಹಿತ್ತಲಲ್ಲೇ ಎದೆ ಹಿಡಿದುಕೊಂಡು ಬಿದ್ದು ಹೋದ.

* * *

"ನಲ್ಲಿ ನೋಡ್ತೀನಿ" ಎಂದು ಸುಳ್ಳು ಹೇಳಿ ಲಿಂಡ್ಸೇ ಶೆಡ್ಡಿನ ಬಾಗಿಲು ಹಾಕಿಕೊಂಡ.

ಈ ಪೀಪಾಯಿಯನ್ನು ತುಂಬಿದ್ದು ಮರ್ವ್ ಒಬ್ಬನೇ. ಹಾಗಾದರೆ ಇದನ್ನು ಕೆಡಿಸಿದವರು ಯಾರು? ಡೆಸ್ಮಂಡ್? ಮರ್ವ್ ಇರುವತನಕ ಅವನಿಗೆ ಒಂದು ಬಹುಮಾನವೂ ದಕ್ಕಿರಲಿಲ್ಲ. ಇವತ್ತು ಬೆಳಿಗ್ಗೆ, ಮಣ್ಣಿಗೆ ಹೊರಡುವ ಮುಂಚೆ, ಎಲ್ಲರಿಗಿಂತ ಮೊದಲು ಈ ಮನೆಗೆ ಬಂದು ಕುಳಿತಿದ್ದನಂತೆ. ಅಥವಾ ನೋಲೀನ್? ಗಂಡನ ಬಿಯರು ಕಂಡರೆ ಅವಳಿಗೆ ಎಂದೂ ಆಗುತ್ತಿರಲಿಲ್ಲ. ಶೆಡ್ಡಿನ ಬೀಗದ ಕೈ ಅವಳ ಹತ್ತಿರವೇ ಇತ್ತು. ಸತ್ತ ಗೆಳೆಯನ ಹೆಂಡತಿಯ ಮೇಲೂ ಗುಮಾನಿ ಪಡುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಗುಮಾನಿ ಹೋಗಲಿಲ್ಲ.

ಪೀಪಾಯಿ ಇಟ್ಟಿದ್ದ ಫ್ರಿಜ್ಜಿನ ಬಾಗಿಲು ತೆರೆದು ಅದನ್ನು ಮುಂದಕ್ಕೆಳೆದ. ಹಿಂದುಗಡೆ ಜಾಮಿನ ನಾಲ್ಕು ಹಳೇ ಬಾಟಲಿಗಳು ಸಾಲಾಗಿದ್ದವು. ಒಂದೊಂದನ್ನೇ ತೆರೆದು ಮೂಸಿದ. ಕಾಫಿ ಪುಡಿ. ನೀಲಗಿರಿ ಎಣ್ಣೆಯಲ್ಲಿ ಅದ್ದಿದ ಹತ್ತಿ. ವಿನೆಗರ್. ಒಣಗಿದ ಹಾಪ್ಸ್ ಹೂವು. ಪ್ರತಿಯೊಂದರ ಮೇಲೂ ಕಾಗದದ ಪಟ್ಟಿ, ಅದರ ಮೇಲೆ ಮರ್ವ್‌ನ ದಪ್ಪಕ್ಷರ: ಇಲ್ಲ. ಇಲ್ಲ. ವಿನೆಗರಿನ ಮೇಲೆ ಮಾತ್ರ, ಸ್ವಲ್ಪ? ಆಮೇಲೆ ಅದನ್ನೂ ಹೊಡೆದುಹಾಕಿ, ಇಲ್ಲ.

ಪೀಪಾಯಿಯನ್ನು ತಿರುಗಿಸಿದ. ಗೋಡೆಯ ಕಡೆಗಿದ್ದ ಮೈಮೇಲೆ ಉದ್ದನೆಯ ಪಟ್ಟಿ ಅಂಟಿಸಿತ್ತು. ನವೆಂಬರಿನಿಂದ ದಿನಕ್ಕೊಂದು ತಾರೀಕು. ಪ್ರತಿ ತಾರೀಕಿನ ಮುಂದೆಯೂ ಅದೇ ಮಾತು. ಇಲ್ಲ, ಇಲ್ಲ, ಇಲ್ಲ. ಕೊನೆಯದು ಶುಕ್ರವಾರದ್ದು.

ಲಿಂಡ್ಸೇ ತಾರೀಕುಗಳ ಮೇಲೆ ಬೆರಳಿಟ್ಟು ಮೊದಲಿನಿಂದ ಓದಿದ.

ಬಾಗಿಲು ತಳ್ಳಿಕೊಂಡು ನೋಲೀನ್ ಬಂದಳು. "ನಿಜ ಹೇಳು ಲಿಂಡ್ಸೇ. ನಿನ್ನೆ ಏನಾದ್ರೂ ಮಾಡಿದ್ಯಾ? ಒಂದು ವರ್ಷದ ಸಿಟ್ಟು ತೀರಿಸ್ಕೊಂಡ್ಯಾ?"

ಅವನು ಪಟ್ಟಿ ತೋರಿಸಿದ. "ದಿನಾ ಬೆಳಿಗ್ಗೆ ಇಲ್ಲಿಗೆ ಬರ್ತಿದ್ನಾ?"

"ಎದ್ದ ಕೂಡಲೇ. ಬುಸ್ ಅನ್ನೋ ಸದ್ದು ಅಡುಗೆಮನೆ ತನಕ ಕೇಳೋದು. ಕದ್ದು ಕುಡೀತಾನೆ ಅಂತ ನಂಗೆ ಅನುಮಾನ. ಒಂದಿನ ಅವನ ಬಾಯಿ ಮೂಸಿ ನೋಡಿದ್ದೆ. ಬರೀ ಟೂತ್‌ಪೇಸ್ಟು."

"ಕುಡೀತಿರಲಿಲ್ಲ ಕಣೇ. ಮುಚ್ಚಳ ತೆಗೆದು ಮೂಸ್ತಿದ್ದ. ಮೂಗು ಹೋಗಿತ್ತು ಅವನಿಗೆ. ದಿನಾ ತೆಗೆದ್ರೆ ದಿನಾ ಒಂದಿಷ್ಟು ಗಾಳಿ. ಮತ್ತೆ ಗ್ಯಾಸು ಬಿಟ್ರೂ ಬಿಯರಿಗೆ ಇಳಿದಿದ್ದು ಇಳಿದ ಹಾಗೇ. ಹೋದ ವರ್ಷದ ಪೀಪಾಯಿಗೂ ಇದೇ ಗತಿ ಆಗಿರ್ಬೇಕು."

ನೋಲೀನ್ ಬಾಟಲಿಗಳನ್ನು ನೋಡಿದಳು.

"ಒಂದಿನ ಟೋಸ್ಟು ಸೀದು ಮನೆಯೆಲ್ಲ ಕಮಟು. ಇವನು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ದ. ಬೇಕಂತ್ಲೇ ನನ್ನ ರೇಗಿಸ್ತಿದಾನೆ ಅಂತ ಬೈದಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ ಅವನು?" ಲಿಂಡ್ಸೇಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. "ಎಲ್ಲರೆದುರು ನನ್ನ ತಲೆಗೆ ಕಟ್ಟಿದ. ನನ್ನ ಕೈಯನ್ನ ನಾನೇ ನಂಬದ ಹಾಗೆ ಮಾಡಿಬಿಟ್ಟ!"

"ಏನಂತ ಹೇಳ್ತಾನೆ? ಮೂಗಿಲ್ಲದ ಮರ್ವ್ ಅಂದ್ರೆ ಯಾರು ಲೆಕ್ಕಕ್ಕೆ ಇಡ್ತಿದ್ರಿ?" ಅವಳು ಕಣ್ಣೊರೆಸಿಕೊಂಡಳು. "ಹೋಗು, ಆ ಪಟ್ಟಿ ತೋರಿಸು ಅವರಿಗೆ. ನಿನ್ನ ಮರ್ಯಾದೆ ನೀನು ಉಳಿಸ್ಕೋ."

ಲಿಂಡ್ಸೇ ಪಟ್ಟಿಯನ್ನು ಮೆಲ್ಲಗೆ ಕಿತ್ತ. ಬಾಗಿಲತನಕ ಹೋದ. ಹೊರಗೆ ಡೆಸ್ಮಂಡ್ ಹೇಳುತ್ತಿದ್ದ, "ಏನೇ ಅನ್ನಿ, ಅಂಥ ಮೂಗು ಇನ್ನು ಈ ಕಣಿವೇಲಿ ಹುಟ್ಟಲ್ಲ." ಎಲ್ಲರೂ ಹೌದೆಂದರು.

ಅವನು ಹಾಗೇ ನಿಂತ. ಪಟ್ಟಿಯನ್ನು ಮಡಚಿ ಕೋಟಿನ ಜೇಬಿಗಿಟ್ಟು ಹಿಂದಿರುಗಿ ಬಂದ. ಮುಚ್ಚಳವನ್ನು ಅಂಗೈಯಿಂದ ಒತ್ತಿ ನೋಡಿ, ಗ್ಯಾಸು ತಿರುಗಿಸಿ, ಉಂಗುರಕ್ಕೆ ಬೆರಳು ಸಿಕ್ಕಿಸಿ ಎಳೆದ. ಬುಸ್. ಹೊರಗಿನ ಮಾತು ನಿಂತಿತು. ಇನ್ನೊಂದು ಸಲ. ಮತ್ತೊಂದು ಸಲ. ಈ ಸಲ ಅವನು ಬಾಯಿಬಿಟ್ಟು ಎಣಿಸಿದ.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ!" ಡೆಸ್ಮಂಡ್‌ನ ದನಿ. "ಈಗ ಬಿಡಿಸ್ತಿದಾನೆ ನೋಡ್ರಪ್ಪಾ ಗಾಳಿ!"

ಹಿತ್ತಲು ಗೊಳ್ಳೆಂದು ನಕ್ಕಿತು. ನೋಲೀನ್ ಧಡಕ್ಕನೆ ಬಾಗಿಲ ಕಡೆ ತಿರುಗಿದಳು. ಲಿಂಡ್ಸೇ ಅವಳ ಮೊಣಕೈ ಹಿಡಿದು, ಮರ್ವ್ ಕೂರುತ್ತಿದ್ದ ಬೋರಲು ಬಕೆಟ್ಟಿನ ಮೇಲೆ ಕೂರಿಸಿದ.

"ಎಷ್ಟಿದೆ ಇದರಲ್ಲಿ?" ಎಂದಳು ಅವಳು.

"ಹದಿನೆಂಟು ಲೀಟರು."

"ಸರಿ, ಹನಿ ಉಳೀಬಾರ್ದು. ನಂಗೊಂದು ಹಾಕು."

ಲಿಂಡ್ಸೇ ಎರಡು ಗ್ಲಾಸು ತುಂಬಿದ. ತನ್ನದನ್ನು ಮೊದಲು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡ. ಆಮೇಲೆ ತಳದವರೆಗೂ ಕುಡಿದು, ಮತ್ತೆ ನಲ್ಲಿ ಎಳೆದ.