ಅರ್ಧ ಬಳಿದ ಮುಖಗಳು

ಟಿವಿ ಸ್ಟುಡಿಯೋದ ಮೇಕಪ್ ಕೋಣೆಯಲ್ಲಿ ಎರಡು ತಿರುಗುಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ. ಸಂಜೆಯ ಚರ್ಚೆಗೆ ಬರುವವರ ಬೆವರು ಒರೆಸಿ, ಕಣ್ಣಿನ ಕೆಳಗಿನ ಕಪ್ಪು ಮುಚ್ಚಿ, ಕ್ಯಾಮೆರಾ ಮುಂದೆ ಕಳಿಸುವುದು ಅವಳ ಕೆಲಸ. ಎಲ್ಲರಿಗೂ ಅವಳು ಮೇಕಪ್ ಅಕ್ಕ. ಆ ದಿನ ಅಕ್ಕನಿಗೆ ಎಲ್ಲಿಲ್ಲದ ಸಿಟ್ಟು.

ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಮಗಳ ಸೊಂಟದ ಕೀಲಿನ ಆಪರೇಷನ್ ಸದ್ಯಕ್ಕಿಲ್ಲ. ಮಕ್ಕಳ ಆರೋಗ್ಯ ವಿಮೆಗೆ ಬರುವ ಸರ್ಕಾರದ ಹಣ ನಿಂತಿದೆ. ಆಳುವ ಪಕ್ಷ ಆ ಯೋಜನೆಗೆ ತನ್ನ ನಾಯಕನ ಹೆಸರಿಟ್ಟಿತ್ತು. ಹೆಸರು ತೆಗೆಯದೆ ಯೋಜನೆಯ ಮಸೂದೆಗೆ ಕೈ ಎತ್ತುವುದಿಲ್ಲವೆಂದು ವಿರೋಧ ಪಕ್ಷ ಹಟ ಹಿಡಿದಿತ್ತು. ಮೇಲ್ಮನೆಯಲ್ಲಿ ಅವರದೇ ಬಲ.

ಅಕ್ಕನ ಮನೆಯವರು ಮೊದಲಿನಿಂದಲೂ ಆಳುವ ಪಕ್ಷದ ಕಡೆ. ಹಾಗಾಗಿ ಅವಳ ಸಿಟ್ಟೆಲ್ಲ ಎದುರಿಗೆ ಕೂತಿದ್ದ ವಿರೋಧ ಪಕ್ಷದ ವಕ್ತಾರನ ಮೇಲೆ.

"ಏನಕ್ಕಾ, ಇವತ್ತು ಮಾತೇ ಇಲ್ಲ?" ಎಂದ ಅವನು.

"ಮಗಳಿಗೆ ನಡೆಯೋಕಾಗ್ತಿಲ್ಲ ಸಾರ್. ಆಪರೇಷನ್ ನಿಂತೋಯ್ತು, ನಿಮ್ಮವರ ದಯೆಯಿಂದ."

"ಅಯ್ಯೋ, ನಮ್ಮಿಂದಲ್ಲಮ್ಮ. ಜನರ ತೆರಿಗೆ ದುಡ್ಡಿಗೆ ಅವರ ನಾಯಕನ ಹೆಸರು ಯಾಕೆ? ಅದಕ್ಕೆ ನಾವು ತಲೆಯಾಡಿಸಬೇಕಾ?"

ಮಾತೇನೋ ಸರಿಯಾಗಿತ್ತು. ಆದರೂ ಕೈಯಲ್ಲಿದ್ದ ಹುಬ್ಬಿನ ಪೆನ್ಸಿಲನ್ನು ಅವನ ಕಣ್ಣಿಗೇ ಚುಚ್ಚಿಬಿಡಲೇ ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ಆಳುವ ಪಕ್ಷದ ವಕ್ತಾರ ಒಳಬಂದು, ಕೂತವನ ಬೆನ್ನಿಗೊಂದು ಗುದ್ದಿದ. "ಮೊನ್ನೆ ಕಳ್ಳ ಅಂದೆಯಲ್ಲೋ! ಇವತ್ತೂ ಬೈತೀಯಾ?"

"ನಾನು ಬೈಯದಿದ್ರೆ ನಿನ್ನನ್ನ ಯಾರಯ್ಯಾ ನೋಡ್ತಾರೆ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ತನ್ನ ಪಕ್ಷದವನ ಕಡೆ ತಿರುಗಿದಳು.

"ಸಾರ್, ನಾವು ನಿಮ್ಮವರೇ. ಆ ಹೆಸರು ತೆಗೆದುಬಿಡಿ. ಮಕ್ಕಳು ಉಳಿದರೆ ಸಾಕಲ್ವಾ?"

"ತೆಗೆದರೆ ಚುನಾವಣೇಲಿ ಏನಂತ ವೋಟು ಕೇಳೋದು ತಾಯಿ? ಎಷ್ಟು ದಿನ ಎಳೀತದೋ ಎಳೀಲಿ, ತಪ್ಪೆಲ್ಲ ಇವನ ತಲೆಗೆ. ಮಕ್ಕಳೇನು ವೋಟು ಹಾಕ್ತಾರಾ?"

ಒಬ್ಬನ ಮೇಲಿದ್ದ ಸಿಟ್ಟು ಇಬ್ಬರಿಗೂ ಹಂಚಿಹೋಯಿತು. ಕಡಿಮೆ ಮಾತ್ರ ಆಗಲಿಲ್ಲ.

ಅಕ್ಕ ಅವನನ್ನೂ ಕೂರಿಸಿ, ಎರಡೂ ಕುರ್ಚಿಗಳನ್ನು ಕನ್ನಡಿಗೆ ಬೆನ್ನು ಮಾಡಿ ತಿರುಗಿಸಿದಳು. ಹರಟೆಯಲ್ಲಿ ಮುಳುಗಿದ್ದವರ ಮುಖಕ್ಕೆ ಎಂದಿಗಿಂತ ನಾಜೂಕಾಗಿ ಬಣ್ಣ ಹಚ್ಚಿದಳು, ಮೂಗಿನ ಗೆರೆಯವರೆಗೆ. ಆಚೆಯ ಅರ್ಧಕ್ಕೆ ಏನೂ ಇಲ್ಲ. ಕಾರ್ಯಕ್ರಮ ಶುರುವಾಗುವ ಕೊನೇ ಗಳಿಗೆಯಲ್ಲಿ ಇಬ್ಬರನ್ನೂ ಒಳಗೆ ಕಳಿಸಿದಳು.

ದೀಪಗಳು ಹೊತ್ತಿಕೊಂಡವು. ಇಬ್ಬರದೂ ಒಂದು ಕೆನ್ನೆ ನಯವಾದ ಗೊಂಬೆಯದು. ಇನ್ನೊಂದು ಎಣ್ಣೆ ಸುರಿಯುವ, ಕಣ್ಣಿನ ಕೆಳಗೆ ಜೋತುಬಿದ್ದ ಮುದುಕನದು. ನಿರೂಪಕಿ ತಬ್ಬಿಬ್ಬಾದಳು. "ನಿಮ್ಮ ಮುಖಕ್ಕೆ ಏನಾಯ್ತು?"

ಕ್ಯಾಮೆರಾ ಹಿಂದಿನಿಂದ ಅಕ್ಕ ಗಟ್ಟಿಯಾಗಿ ಹೇಳಿದಳು: "ಹಣ ನಿಂತೋಯ್ತು ಮೇಡಂ, ಅದಕ್ಕೆ ಅರ್ಧಕ್ಕೇ ಬಿಟ್ಟೆ. ನನ್ನ ಮಗಳನ್ನ ಇವರು ಬಿಟ್ಟಿಲ್ವಾ, ಹಾಗೆ. ಇಬ್ಬರೂ ಒಪ್ಪಿಕೊಂಡು ಬರಲಿ, ಮಿಕ್ಕಿದ್ದು ಬಳೀತೀನಿ."

ಆ ಮಾತು ಮೈಕಿಗೆ ಬಿದ್ದು ಮನೆಮನೆಗೂ ಹೋಯಿತು. ಕಾರ್ಯಕ್ರಮ ಮುಗಿಯುವ ಮೊದಲೇ ಅವಳ ಕೆಲಸವೂ ಹೋಯಿತು.

ಮನೆಯಲ್ಲಿ ಗಂಡ ಬಾಗಿಲಲ್ಲೇ ಕಾಯುತ್ತಿದ್ದ. ಪಕ್ಷದ ಸಭೆಗಳಿಗೆ ಕುರ್ಚಿ ಹಾಕಿಸಿ, ಜನ ಸೇರಿಸಿ, ಗಂಟಲು ಕಟ್ಟಿಸಿಕೊಂಡು ಬಂದವನು ಅವನು. "ಅವನಿಗೆ ಮಾಡಿದ್ದು ಸರಿ. ನಮ್ಮವನ ಮಾನ ಯಾಕೆ ಕಳೆದೆ?"

"ಒಬ್ಬನಿಗೆ ಪೂರ್ತಿ ಹಚ್ಚಿದ್ರೆ ಪಕ್ಷಪಾತ ಆಗ್ತಿತ್ತು," ಎಂದು ಚಪ್ಪಲಿ ಬಿಟ್ಟಳು. "ಮಕ್ಕಳೇನು ವೋಟು ಹಾಕ್ತಾರಾ ಅಂದ, ನಿಮ್ಮವನು."

ಒಳಕೋಣೆಯಿಂದ ಮಗಳು ಗೋಡೆ ಹಿಡಿದುಕೊಂಡು, ತುಟಿ ಕಚ್ಚಿ ಬರುತ್ತಿದ್ದಳು. "ಅಮ್ಮಾ, ನಿನ್ನ ದನಿ ಟಿವೀಲಿ ಬಂತು!"

ಗಂಡ ಮಗಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ಮೆಟ್ಟಿಲು ಹತ್ತಿದ. ಮೇಲಿನ ಮನೆಯ ಬಡಗಿ ವಿರೋಧ ಪಕ್ಷದವನು; ಅವನ ಮಗನ ಹೃದಯದ ಚಿಕಿತ್ಸೆಯೂ ನಿಂತಿತ್ತು. ಕಳೆದ ಚುನಾವಣೆಯಿಂದ ಇಬ್ಬರಿಗೂ ಮಾತಿರಲಿಲ್ಲ. ಗಂಡ ಬಾಗಿಲು ತಟ್ಟುವ ಸದ್ದು ಅಕ್ಕನಿಗೆ ಕೇಳಿಸಿತು.

"ನಾಳೆ ನಿಮ್ಮವನ ಮನೆ ಮುಂದೆ ನಾನು ನಿನ್ನ ಜೊತೆ ಬಂದು ಕೂರ್ತೀನಿ," ಎನ್ನುತ್ತಿದ್ದ. "ನಮ್ಮವನ ಮನೆ ಮುಂದೆ ನೀನು ನನ್ನ ಜೊತೆ ಬಾ. ಮಕ್ಕಳನ್ನೂ ಕರ್ಕೊಂಡು ಹೋಗೋಣ. ಒಪ್ಪೋವರೆಗೂ ಆ ಇಬ್ಬರಿಗೂ ನಿದ್ದೆ ಬರಬಾರದು."

ಬಾಗಿಲು ಪೂರ್ತಿ ತೆರೆದ ಸದ್ದು. ಆಮೇಲೆ ಬಡಗಿಯ ದನಿ: "ಒಳಗೆ ಬಾರೋ. ಮೊದಲು ಯಾರ ಮನೆ?"