ಮರ್ಫುವಾಳ ಕುರ್ಚಿ

"ಇನ್ನೂ ಸ್ವಲ್ಪ ಎಡಕ್ಕೆ ಹೋಗೋ. ಅಲ್ಲೊಂದು ಹಲ್ಲಿ ಇದೆ, ಅದನ್ನೂ ಒಂದ್ಮಾತು ಕೇಳ್ಬಿಡು," ಎಂದ ಸೊಲಿಕಿನ್, ಬಾಗಿಲಿಗೆ ಒರಗಿಕೊಂಡು.

ಕಸ್ವಾದಿ ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು, ತಲೆ ವಾಲಿಸಿಕೊಂಡು, ಗೋಡೆಯಂಚಿನಲ್ಲಿ ಅಂಬೆಗಾಲಿಟ್ಟು ಹೋಗುತ್ತಿದ್ದ. ಕೋಣೆಯ ನಡುವೆ ಅವನ ಹೆಂಡತಿ ಕೂರುವ ಕುರ್ಚಿಯ ಮೇಲೆ ತೇಗದ ಪೆಟ್ಟಿಗೆಯೊಂದು ಕೂತಿತ್ತು. ಅದರ ಎದೆಯಲ್ಲಿ ಎರಡು ದೊಡ್ಡ ಕಪ್ಪು ಸ್ಪೀಕರುಗಳು, ಒಂದರ ಕೆಳಗೆ ಒಂದು. ಎರಡೂ ಸೇರಿ ಒಂದೇ ದಪ್ಪ ಸ್ವರವನ್ನು ಬಿಟ್ಟು ಬಿಟ್ಟು ಗುನುಗುತ್ತಿದ್ದವು. ದಪ್ಪ ಸದ್ದಿನ ಈ ಪೆಟ್ಟಿಗೆಯನ್ನು, ಅಂದರೆ ಸಬ್‌ವೂಫರನ್ನು, ಎಲ್ಲಿಡಬೇಕೆಂದು ತಿಳಿಯುವುದಕ್ಕೆ ಇದೇ ದಾರಿ. ಮನುಷ್ಯ ಕೂರುವಲ್ಲಿ ಪೆಟ್ಟಿಗೆ ಕೂರಬೇಕು, ಪೆಟ್ಟಿಗೆ ಕೂರಬಹುದಾದ ಕಡೆಯೆಲ್ಲ ಮನುಷ್ಯ ತೆವಳಬೇಕು. ಎಲ್ಲಿ ಸದ್ದು ತುಂಬಿಕೊಂಡು ಬರುತ್ತದೋ ಅದೇ ಪೆಟ್ಟಿಗೆಯ ಜಾಗ. ಆಮೇಲೆ ಇಬ್ಬರೂ ಜಾಗ ಬದಲಾಯಿಸಿಕೊಂಡರಾಯಿತು.

ಮರ್ಫುವಾ ಚಹಾದ ತಟ್ಟೆ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು.

"ಏನ್ ಕಾಂಗ್ ಇದು? ನನ್ನ ಕುರ್ಚಿಗೆ ಬೇರೆ ಹೆಂಡ್ತಿ ಬಂದ್ಲಾ?" ಎಂದಳು; ಗಂಡನನ್ನು ಅವಳು ಕಾಂಗ್ ಎಂದೇ ಕರೆಯುತ್ತಿದ್ದಳು. ಈಚೆಗೆ ಅವಳ ದನಿ ಬೇಕಾದ್ದಕ್ಕಿಂತ ಎತ್ತರದಲ್ಲೇ ಇರುತ್ತಿತ್ತು, ಹೊಳೆಯ ಆಚೆ ದಡದಲ್ಲಿರುವವರನ್ನು ಕರೆದ ಹಾಗೆ.

"ಭಾರ ಇದಾಳೆ ಅತ್ತಿಗೆ! ಇಬ್ರು ಎತ್ತಬೇಕಾಯ್ತು!" ಸೊಲಿಕಿನ್‌ನ ಬಾಯಲ್ಲಿ ಲವಂಗದ ಸಿಗರೇಟಿತ್ತು; ಮಾತು ಅದರ ಸುತ್ತ ಬಳಸಿಕೊಂಡು ಬಂತು.

ಮರ್ಫುವಾ ಅವನ ಮುಖ ನೋಡಿದಳು, ನೆಲದ ಮೇಲಿದ್ದ ಗಂಡನ ಮುಖ ನೋಡಿದಳು. ಇಬ್ಬರೂ ನಗುತ್ತಿದ್ದರು. ಒಂದು ಕ್ಷಣ ತಡವಾಗಿ ಅವಳೂ ನಕ್ಕಳು.

ಕಪಾಟಿಗೂ ಕಿಟಕಿಗೂ ನಡುವಿನ ಮೂಲೆಯಲ್ಲಿ ಕಸ್ವಾದಿ ನಿಂತುಬಿಟ್ಟ. ಅಂಗೈಯನ್ನು ನೆಲಕ್ಕೆ ಒತ್ತಿದ. "ಇಲ್ಲಿ," ಎಂದ. "ಇಲ್ಲೇ ಕಣೋ."

ಪೆಟ್ಟಿಗೆ ಮೂಲೆಗೆ ಹೋದ ಮೇಲೆ ಗೊತ್ತಾಯಿತು, ಆ ಚಿಕ್ಕ ಕೋಣೆಯಲ್ಲಿ ಸರಿಯಾದ ಜಾಗ ಒಂದೇ. ಕುರ್ಚಿಯಲ್ಲಿ ಕೂತರೆ ಪಕ್ಕೆಲುಬಿನೊಳಗೆ ಯಾರೋ ಚಾಪೆ ಕೊಡವಿದ ಹಾಗಾಗುತ್ತಿತ್ತು. ಸಿನಿಮಾ ತೋರಿಸುವ ಪ್ರೊಜೆಕ್ಟರ್, ಆಂಪ್ಲಿಫೈಯರ್ ಎಲ್ಲ ಇಟ್ಟಿದ್ದ ಬಾಗಿಲ ಬದಿಯಲ್ಲಿ, ಸ್ಟೂಲಿನಲ್ಲಿ ಕೂತರೆ ಅದೇ ಸದ್ದು ಬತ್ತಿಹೋಗಿ, ಬಾವಿಯ ತಳದಿಂದ ಕೇಳಿದಂತೆ.

"ಸ್ಟೂಲಲ್ಲಿ ಕೂರೋನು ನತದೃಷ್ಟ," ಎಂದ ಸೊಲಿಕಿನ್.

"ಸ್ಟೂಲು ನಂದು," ಎಂದ ಕಸ್ವಾದಿ.

*

ತೇಗದ ಕೆತ್ತನೆಗೆ ಹೆಸರಾದ ಜೆಪಾರಾ ಊರಿನವನು ಪುಡಿ ಹಲಗೆ ಮುಟ್ಟುವುದಿಲ್ಲ. ಸ್ಪೀಕರಿನ ಪೆಟ್ಟಿಗೆಗೆ ಮರದ ಪುಡಿ ಒತ್ತಿ ಮಾಡಿದ ಹಲಗೆಯೇ ಸರಿ, ಅದು ಸತ್ತ ಹಲಗೆ, ತಾನಾಗಿ ದನಿ ಮಾಡುವುದಿಲ್ಲ ಎಂದು ರೇಡಿಯೋ ರಿಪೇರಿಯ ಸೊಲಿಕಿನ್ ತಿಂಗಳುಗಟ್ಟಲೆ ಬಡಿದುಕೊಂಡಿದ್ದ. ತೇಗ ಬದುಕಿರುವ ಮರ, ಮಳೆಗಾಲಕ್ಕೊಂದು ಬೇಸಿಗೆಗೊಂದು ಬುದ್ಧಿ ಅದಕ್ಕೆ, ಒಳಗೆ ಸದ್ದು ತುಂಬಿದರೆ ತಾನೂ ಹಾಡುವುದಕ್ಕೆ ಶುರುಮಾಡುತ್ತದೆ ಎಂದಿದ್ದ. ಅಪ್ಪ, ಅಜ್ಜ ಎಲ್ಲ ತೇಗದ ಧೂಳಿನಲ್ಲೇ ಕೆಮ್ಮಿ ಸತ್ತ ಮನೆತನದ ಕಸ್ವಾದಿ ಅದನ್ನು ಕೇಳಿಸಿಕೊಳ್ಳಲಿಲ್ಲ. "ನನ್ನ ಮನೇಲಿ ಪುಡಿ ಹಲಗೆ ಇಟ್ರೆ ನೆಂಟ್ರು ಬಂದು ಹಣೆ ಮುಟ್ಟಿ ನೋಡ್ತಾರೆ, ಜ್ವರ ಬಂದಿದ್ಯಾ ಅಂತ," ಎಂದ. ಮೊದಲ ಪೆಟ್ಟಿಗೆ ಹಾಡಿತು. ಎರಡನೆಯದು ಸಂದಿನಲ್ಲಿ ಬಿಟ್ಟುಕೊಂಡಿತು. ಮೂರನೆಯದಕ್ಕೆ ಒಳಗೆಲ್ಲ ಅಡ್ಡಪಟ್ಟಿ ಹೊಡೆದು, ಬೆರಳ ಗೆಣ್ಣಿನಿಂದ ಬಡಿದರೆ ಕಲ್ಲು ಬಡಿದಂತೆ ಕೇಳುವವರೆಗೂ ಬಿಡಲಿಲ್ಲ. ಮುಂದಿನ ಅಂಚಿಗೆ ಮಲ್ಲಿಗೆ ಬಳ್ಳಿ ಕೆತ್ತಿದ. ಸಣ್ಣ ಸದ್ದಿಗೆಂದು ಪರದೆಯ ಎರಡು ಪಕ್ಕ ನಿಂತ ಎತ್ತರದ ಸ್ಪೀಕರುಗಳಿಗೂ ಅದೇ ಬಳ್ಳಿ.

ಮರ್ಫುವಾ ಈ ಮನೆಗೆ ಬಂದಾಗಿನಿಂದ ಅವನ ಕಾರ್ಖಾನೆಯಲ್ಲೇ ಮರ ಉಜ್ಜಿದವಳು. ಮೊದಲು ಕೈಯಲ್ಲಿ, ಉಪ್ಪುಕಾಗದ ಹಿಡಿದು, ಹಾಡಿಕೊಂಡು. ಆಮೇಲೆ ಉಜ್ಜುವ ಮೆಷಿನ್ ಬಂತು, ಅದರ ಅಬ್ಬರವೂ ಬಂತು. ಹೊಸದರಲ್ಲಿ ಒಂದು ದಿನ ಅವಳು ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದಾಗ ಕಸ್ವಾದಿ ಎಲ್ಲರೆದುರು ನಕ್ಕಿದ್ದ: "ಯಾರ ಮಾತು ಕೇಳ್ಬಾರ್ದು ಅಂತ ಇದು? ನಂದಾ?" ಅವಳೂ ನಕ್ಕು ಹತ್ತಿ ತೆಗೆದಿದ್ದಳು. ಎಷ್ಟೋ ವರ್ಷಗಳ ಮೇಲೆ, ಅವಳ ಕಿವಿಯಿಂದ ಮೊದಲು ಗುಬ್ಬಚ್ಚಿಗಳು ಹೋದವು, ಆಮೇಲೆ ಕುದಿಯುವ ನೀರು, ಆಮೇಲೆ ಹೆಂಗಸರ ದನಿ. ಸಣ್ಣ ಸದ್ದುಗಳು ಮೊದಲು ಹೋಗುತ್ತವೆ, ಹೋದವು ಬರುವುದಿಲ್ಲ ಎಂದರು ಡಾಕ್ಟರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಶಿಳ್ಳೆ ಹೊಡೆಯಿತು, ಅದೀಗ ಕಪಾಟಿನಲ್ಲಿತ್ತು. ಕೇರಿಯ ಹೆಂಗಸರ ಗುರುವಾರದ ಪ್ರಾರ್ಥನೆಗೂ ಅವಳು ಹೋಗುವುದನ್ನು ಬಿಟ್ಟಳು. ಮಾತಾಡುವವರ ತುಟಿ ನೋಡುತ್ತ ಕೂರುವುದು ತುಂಬ ದಣಿವಿನ ಕೆಲಸ.

ಆದರೂ ಕಸ್ವಾದಿಗೆ ಒಂದು ನಂಬಿಕೆ ಇತ್ತು. ಅದು ಬಡಗಿಯ ನಂಬಿಕೆ. "ನೋಡು, ಗಟ್ಟಿ ಮರಕ್ಕೆ ಮೊದಲೇ ಸಣ್ಣ ಉಳಿ ಇಟ್ರೆ ಜಾರುತ್ತೆ," ಎಂದು ಸೊಲಿಕಿನ್‌ಗೆ ಹೇಳಿದ್ದ. "ದೊಡ್ಡದರಲ್ಲಿ ದಾರಿ ಮಾಡ್ಕೋಬೇಕು. ಅದರ ಹಿಂದೇನೇ ಸಣ್ಣದು ಹೋಗುತ್ತೆ. ಕಿವೀನೂ ಹಾಗೇ ಅಲ್ವಾ? ದಪ್ಪ ಸದ್ದು ಒಂದ್ಸಲ ಒಳಗೆ ಹೋಗ್ಲಿ. ಆಮೇಲೆ ಹಾಡೂ ಹೋಗುತ್ತೆ."

ಸದಾ ಬಾಯಿ ಬಡಿಯುವ ಸೊಲಿಕಿನ್ ಅವತ್ತು ಬೆಸುಗೆಯ ಹೊಗೆಯನ್ನು ಊದಿಕೊಳ್ಳುತ್ತ ಕೂತುಬಿಟ್ಟಿದ್ದ.

ಹಾಡು ಎಂದರೆ ಒಂದೇ ಹಾಡು. ಮದುವೆಗೆ ಮುಂಚೆ, ಫುಟ್‌ಬಾಲ್ ಮೈದಾನದಲ್ಲಿ ಬಿದಿರು ನೆಟ್ಟು ಬಟ್ಟೆ ಕಟ್ಟಿ ತೋರಿಸಿದ ಸಿನಿಮಾದ್ದು. ಮುಂದುಗಡೆ ಜಾಗವಿಲ್ಲದೆ ಇಬ್ಬರೂ ಪರದೆಯ ಹಿಂದೆ ಕೂತು ತಿರುಗುಮುರುಗಾಗಿ ನೋಡಿದ್ದರು. ರೈಲು ಹೊರಟುಹೋಗುತ್ತದೆ, ಪ್ಲಾಟ್‌ಫಾರ್ಮಿನಲ್ಲಿ ಉಳಿದ ಹುಡುಗಿ ಹಾಡುತ್ತಾಳೆ. ಅವಳ ಗಲ್ಲದಲ್ಲೊಂದು ಮಚ್ಚೆ. ಎಷ್ಟೋ ವರ್ಷಗಳ ನಂತರ ಟಿವಿಯಲ್ಲಿ ಅದೇ ಸಿನಿಮಾ ಬಂದಾಗ ಮರ್ಫುವಾ ಜಗಳಕ್ಕೇ ನಿಂತಿದ್ದಳು: "ಮಚ್ಚೆ ಈ ಕಡೆ ಅಲ್ಲ! ಯಾವಳನ್ನೋ ತಂದು ಹಾಕಿದಾರೆ!" ಮರ ಉಜ್ಜುವಾಗ ಅವಳು ಹಾಡುತ್ತಿದ್ದದ್ದು ಆ ಹಾಡನ್ನೇ. ಅದು ನಿಂತದ್ದು ಯಾವಾಗ ಎಂದು ಕಸ್ವಾದಿಗೆ ಗೊತ್ತಿರಲಿಲ್ಲ. ಒಂದು ದಿನ ಅದು ನಿಂತು ಬಹಳ ಕಾಲವಾಗಿದೆ ಎಂದಷ್ಟೇ ಗೊತ್ತಾಗಿತ್ತು.

*

ಗುರುವಾರ ಅವನಿಗೆ ತಡೆಯಲಾಗಲಿಲ್ಲ. ಪಾಲಿಶ್ ಇನ್ನೊಂದು ಕೈ ಬೇಕು ಅನ್ನಿಸಿತು. ಪೆಟ್ಟಿಗೆಯ ಎರಡೂ ಸ್ಪೀಕರುಗಳನ್ನು ಬಿಚ್ಚಿ ತೆಗೆದು, ಬಟ್ಟೆಯ ಉಂಡೆಯಲ್ಲಿ ಅರಗಿನ ಪಾಲಿಶ್ ತೀಡಿ ತೀಡಿ, ಮಲ್ಲಿಗೆ ಬಳ್ಳಿಯಲ್ಲಿ ಕಿಟಕಿ ಕಾಣುವಂತೆ ಮಾಡಿದ. ಒಣಗಿದ ಮೇಲೆ ಮತ್ತೆ ಕೂರಿಸಿ ತಂತಿ ಸಿಕ್ಕಿಸಿ ತಿರುಪು ಬಿಗಿದ.

ಶುಕ್ರವಾರ ಕಾರ್ಖಾನೆಗೆ ರಜೆ. ಮಸೀದಿಯಿಂದ ಬಂದು ಊಟ ಮುಗಿಸಿ, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ. ಮರ್ಫುವಾ ಹಬ್ಬಕ್ಕೆಂದು ಜೋಪಾನದಿಂದ ಕಾಯ್ದುಕೊಂಡಿದ್ದ, ಉದ್ದ ತೋಳಿನ ಹೂವಿನ ಕುಪ್ಪಸ, ಕಬಾಯ, ಹಾಕಿಕೊಂಡು ಬಂದಳು.

"ಮನೇಲೇ ಸಿನಿಮಾ ನೋಡೋಕೆ ಇಷ್ಟು ಸಿಂಗಾರಾನಾ?" ಎಂದ ಅವನು, ಅವಳ ಎದುರು ನಿಂತು, ಒಂದೊಂದೇ ಮಾತಾಗಿ.

"ಮತ್ತೆ? ಮೈದಾನಕ್ಕೂ ಹೀಗೇ ಬಂದಿದ್ದೆ. ನೀವೇ ಹರಕಲು ಚಪ್ಪಲಿ ಹಾಕ್ಕೊಂಡು ಬಂದಿದ್ದು."

ಅವಳು ಕುರ್ಚಿಯಲ್ಲಿ, ಅವನು ಬಾಗಿಲ ಬದಿಯ ಸ್ಟೂಲಿನಲ್ಲಿ. ಸಿನಿಮಾ ಓಡಿತು. ಕಸ್ವಾದಿ ಪರದೆಯನ್ನು ನೋಡಲೇ ಇಲ್ಲ. ರೈಲು ಬಂದಾಗ ಸ್ಟೂಲಿಗೆ ಹೆಚ್ಚೇನೂ ತಲುಪಲಿಲ್ಲ, ಅದು ಗೊತ್ತಿದ್ದದ್ದೇ. ಅವನು ಹುಬ್ಬೇರಿಸಿ, ಎದೆ ಮೇಲೆ ಕೈಯಿಟ್ಟು, ಹೇಗಿದೆ ಎಂದು ಕೇಳಿದ. ಅವಳೂ ಎದೆ ಮೇಲೆ ಕೈಯಿಟ್ಟು ಕಣ್ಣು ಅರಳಿಸಿದಳು. ಹಾಡು ಬಂದಾಗ ಮೆಲ್ಲಗೆ ತಲೆಯಾಡಿಸಿದಳು.

"ಕೇಳಿಸ್ತಾ?" ದೀಪ ಹಾಕಿ ಅವನು ಕೇಳಿದ.

"ಅಯ್ಯೋ ಕಾಂಗ್, ಎದೆಗೇ ಬಡೀತು! ರೈಲು ಒಳಗೇ ಬಂದು ಹೋಯ್ತು."

"ಹಾಡು?"

"ಹಾಡೂ ಬಂತು." ಅವಳು ಕಬಾಯದ ತೋಳು ಸರಿಮಾಡಿಕೊಂಡಳು. "ಸ್ವಲ್ಪ ದೂರದಿಂದ. ಬಂತು."

ಅವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಸೊಲಿಕಿನ್‌ನ ಅಂಗಡಿಗೆ ನಡೆದ.

"ಹಾಡು ಕೇಳಿಸ್ತಂತೆ ಕಣೋ!"

"ಕಿವಿಗೇ ಉಳಿ ಇಟ್ಟ ಡಾಕ್ಟರ್ ಬಂದ ನೋಡ್ರಪ್ಪ," ಎಂದ ಸೊಲಿಕಿನ್. ಆಮೇಲೆ ಮುಖ ತಗ್ಗಿಸಿ, "ಒಳ್ಳೇದಾಯ್ತು ಬಿಡೋ," ಎಂದ.

*

ಮರುದಿನ ಮರ್ಫುವಾ ಮೀನಿನ ಸಂತೆಗೆ ಹೋಗಿದ್ದಾಗ ಕಸ್ವಾದಿಗೆ ಆಸೆಯಾಯಿತು. ಅವಳಿಗೆ ತಲುಪಿದ ರೈಲು ತನಗೂ ಒಂದು ಸಲ ತಲುಪಲಿ ಎಂದು ಕಿಟಕಿ ಮುಚ್ಚಿ, ಅವಳ ಕುರ್ಚಿಯಲ್ಲಿ ಕೂತ.

ರೈಲು ಬಂತು. ಏನೂ ಆಗಲಿಲ್ಲ.

ಹೊಗೆ ಇತ್ತು, ಚಕ್ರ ಇತ್ತು, ಪಕ್ಕದ ಸ್ಪೀಕರುಗಳಿಂದ ಕಬ್ಬಿಣದ ಸಣ್ಣ ಕಿರುಚು ಇತ್ತು. ದಪ್ಪ ಸದ್ದಿನ ತಳ ಇರಲಿಲ್ಲ. ಅವನು ಸದ್ದು ಏರಿಸಿದ. ಇನ್ನೂ ಏರಿಸಿದ. ಕೊನೆಗೆ ಮೂಲೆಗೆ ಹೋಗಿ ಪೆಟ್ಟಿಗೆಯ ಎದುರು ಕುಕ್ಕರಗಾಲಿನಲ್ಲಿ ಕೂತು ನೋಡಿದ. ಎರಡು ಸ್ಪೀಕರುಗಳ ನಡುವಿನ ಕಪ್ಪು ಕೋನುಗಳೂ ಜೋರಾಗಿಯೇ ಆಡುತ್ತಿದ್ದವು. ಮೇಲಿನದು ಹೊರಗೆ ಬಂದಾಗ ಕೆಳಗಿನದು ಒಳಗೆ ಹೋಗುತ್ತಿತ್ತು. ಇದು ತಳ್ಳಿದ ಗಾಳಿಯನ್ನು ಅದು ನುಂಗುತ್ತಿತ್ತು.

ಟಾರ್ಚಿನ ಸೆಲ್ ತೆಗೆದು, ಸೊಲಿಕಿನ್ ಕಲಿಸಿಕೊಟ್ಟಂತೆ ಒಂದೊಂದೇ ಸ್ಪೀಕರಿನ ತಂತಿಗೆ ಮುಟ್ಟಿಸಿ ನೋಡಿದ. ಮೇಲಿನದು ಮುಂದಕ್ಕೆ ಜಿಗಿಯಿತು. ಕೆಳಗಿನದು ಹಿಂದಕ್ಕೆ ಜಿಗಿಯಿತು. ಗುರುವಾರ, ಪಾಲಿಶ್ ಒಣಗಿದ ಖುಷಿಯಲ್ಲಿ, ಒಂದರ ತಂತಿಗಳನ್ನು ಅದಲು ಬದಲು ಸಿಕ್ಕಿಸಿದ್ದ.

ಅಂದರೆ ನಿನ್ನೆ ಈ ಪೆಟ್ಟಿಗೆಯಿಂದ ಏನೂ ಬಂದಿರಲಿಲ್ಲ.

ಸೆಲ್ಲನ್ನು ಕೈಯಲ್ಲೇ ಹಿಡಿದುಕೊಂಡು ಅವನು ನೆಲದ ಮೇಲೆ ಕೂತುಬಿಟ್ಟ. ನಿನ್ನೆ ಅವಳು ಕಣ್ಣು ಅರಳಿಸಿದಾಗ, ತಲೆಯಾಡಿಸಿದಾಗ ಪರದೆಯ ಬೆಳಕು ಅವಳ ಎಡಗೆನ್ನೆಯ ಮೇಲಷ್ಟೇ ಇತ್ತು. ಬಲಗೆನ್ನೆ ಕತ್ತಲಲ್ಲಿತ್ತು. ಪರದೆ ನೋಡುವವರ ಮುಖದ ಮೇಲೆ ಬೆಳಕು ಹಾಗೆ ಬೀಳುವುದಿಲ್ಲ. ಬಾಗಿಲ ಕಡೆ, ಸ್ಟೂಲಿನ ಕಡೆ ತಿರುಗಿದರೆ ಮಾತ್ರ ಹಾಗೆ ಬೀಳುತ್ತದೆ.

ಅವಳು ಬರುವ ಹೊತ್ತಿಗೆ ತಂತಿ ಸರಿಮಾಡಿ ತಿರುಪು ಬಿಗಿದಿದ್ದ. ಮಲ್ಲಿಗೆ ಬಳ್ಳಿಯ ಮೇಲೆ ತನ್ನ ಬೆರಳ ಗುರುತು ಕಂಡು, ಲುಂಗಿಯ ಅಂಚಿನಿಂದ ಒರೆಸಿದ.

*

"ಮತ್ತೆ ಅದೇನಾ? ಮೀನು ಕೆಡುತ್ತೆ ಕಾಂಗ್."

"ಹುರಿದು ಬಾ. ಕಾಯ್ತೀನಿ."

ಅವಳು ಹುರಿದು ಬಂದಳು. ಚಹಾದ ಗ್ಲಾಸನ್ನು ಕುರ್ಚಿಯ ಅಗಲದ ತೋಳಿನ ಮೇಲಿಟ್ಟು, ತಗಡಿನ ಮುಚ್ಚಳ ತೆಗೆದು ಮಡಿಲಲ್ಲಿಟ್ಟುಕೊಂಡಳು. ಇವತ್ತು ಕಬಾಯವಿಲ್ಲ, ಮನೆಯ ಉಡುಪು, ಕೈಯಲ್ಲಿ ಅರಿಶಿನದ ಕಲೆ. ಕಸ್ವಾದಿ ಸ್ಟೂಲಿನಲ್ಲಿ ಕೂತ. ಇವತ್ತು ಅವನು ಪರದೆಯನ್ನೇ ನೋಡುತ್ತೇನೆಂದು ನಿಶ್ಚಯಿಸಿದ್ದ.

ರೈಲು ಬಂತು.

ಮರ್ಫುವಾ ಚೀರಿದಳು. "ಭೂಕಂಪ! ಕಾಂಗ್, ಭೂಕಂಪ!" ಎದ್ದವಳೇ ಓಡಿಬಂದು ಅವನ ರಟ್ಟೆ ಹಿಡಿದು ಬಾಗಿಲಿಗೆ ಎಳೆದಳು. ಮುಚ್ಚಳ ನೆಲದ ಮೇಲೆ ಉರುಳಿಕೊಂಡು ಹೋಯಿತು. "ಏಳಿ, ಏಳಿ ಅಂದ್ರೆ! ಮನೆ ಅಲ್ಲಾಡ್ತಿದೆ!"

ಅವನು ಏಳಲಿಲ್ಲ. ಅವಳು ಅವನ ಮುಖ ನೋಡಿದಳು. ಮೂಲೆಯ ಪೆಟ್ಟಿಗೆ ನೋಡಿದಳು. ಬರಿಗಾಲಿನ ಕೆಳಗೆ ನೆಲ ಇನ್ನೂ ಗುಡುಗುತ್ತಿತ್ತು. ಅವಳು ಬಗ್ಗಿ ತನ್ನ ಪಾದಗಳನ್ನೇ ನೋಡಿಕೊಂಡಳು. ಅವನ ರಟ್ಟೆಯ ಮೇಲಿದ್ದ ಹಿಡಿತ ಒಂದೊಂದೇ ಬೆರಳಾಗಿ ಸಡಿಲವಾಯಿತು.

"ಇವತ್ತು," ಎಂದಳು. ಎಷ್ಟೋ ದಿನದ ಮೇಲೆ ಅವಳ ದನಿ ಸಣ್ಣದಾಗಿತ್ತು. "ಇವತ್ತು ಸ್ವಲ್ಪ ಜಾಸ್ತಿ ಇಟ್ಟಿದೀರಾ?"

ಅವನು ಅವಳಿಗೆ ತುಟಿ ಕಾಣುವಂತೆ ಬೆಳಕಿಗೆ ಮುಖ ಕೊಟ್ಟ.

"ಹೂಂ. ಸ್ವಲ್ಪ ಜಾಸ್ತಿ."

"ಅದಕ್ಕೇ ಮತ್ತೆ."

ಅವಳು ಹೋಗಿ ಕುರ್ಚಿಯಲ್ಲಿ ಕೂತಳು. ತೋಳಿನ ಮೇಲಿದ್ದ ಗ್ಲಾಸಿನಲ್ಲಿ ಚಹಾ ನಡುಗುತ್ತಿತ್ತು, ನಡುವಿನಿಂದ ಅಂಚಿಗೆ ಬಳೆ ಬಳೆಯಾಗಿ. ಅವಳು ಅದನ್ನು ನೋಡಿದಳು. ಗ್ಲಾಸಿನ ಸುತ್ತ ಎರಡೂ ಕೈ ಇಟ್ಟಳು, ಹಕ್ಕಿಮರಿ ಹಿಡಿದಂತೆ. ಅವಳ ಬಾಯಿ ತುಸು ತೆರೆದಿತ್ತು. ಬೋಗಿಯ ಹಿಂದೆ ಬೋಗಿಯಾಗಿ ರೈಲು ಅವಳ ಅಂಗೈಗಳೊಳಗೆ ಹಾದುಹೋಗುತ್ತಿತ್ತು. ಕಸ್ವಾದಿ ಉಸಿರು ಹಿಡಿದ. ದೊಡ್ಡದು ಹೋಗುತ್ತಿದೆ, ಅದರ ಹಿಂದೆ, ಅದರ ಹಿಂದೆಯೇ.

ಕೊನೆಯ ಬೋಗಿಯೂ ದಾಟಿತು. ಪರದೆಯ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ಉಳಿದ ಹುಡುಗಿ ಮುಖ ಎತ್ತಿ, ಬಾಯಿ ತೆರೆದು, ಹಾಡತೊಡಗಿದಳು. ಪಕ್ಕದ ಎರಡು ಸ್ಪೀಕರುಗಳಿಂದಲೂ ಆ ದನಿ ಕೋಣೆಯ ತುಂಬ ತಿಳಿಯಾಗಿ ಬಂತು, ಮೈದಾನದಲ್ಲಿ ಕೇಳಿದ್ದಕ್ಕಿಂತಲೂ ತಿಳಿಯಾಗಿ.

ಮರ್ಫುವಾ ತಲೆ ಎತ್ತಲಿಲ್ಲ. ಗ್ಲಾಸಿನಿಂದ ಕೈ ತೆಗೆಯದೆ, ಹಾಡು ಬರಲೆಂದು ಕಾದಳು. ಚಹಾದಲ್ಲಿ ಕೊನೆಯ ಬಳೆ ಅಂಚಿಗೆ ಹೋಗಿ ಮುಟ್ಟಿತು. ಆಮೇಲೆ ಅದರ ಮೇಲೆ ಪರದೆಯ ಬೆಳಕಿನ ಚೂರೊಂದು ಕದಲದೆ ನಿಂತಿತು.