ಹನ್ನೊಂದು ಕುದುರೆ ಸವಾರರು

ನಾನು ಅರ್ಜಿ ತುಂಬಿಕೊಟ್ಟರೆ ಚಾಮುಂಡಿ ಬೆಟ್ಟದ ನಂದಿಗೂ ಎಂಟನೇ ತರಗತಿಗೆ ಸೀಟು ಸಿಗುತ್ತದೆ. ಓದು ಬೇಡವೆಂದು ನಂದಿಯೇ ಸುಮ್ಮನೆ ಕೂತಿದೆ, ಅಷ್ಟೆ. ವಿದ್ಯಾರಣ್ಯಪುರಂನಲ್ಲಿ ಸಿದ್ದರಾಜುವಿನ ಜೆರಾಕ್ಸ್ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ, ಬೀದಿನಾಯಿಗಳೂ ಬಾಲ ಚಾಚಿ ದಾರಿ ತೋರಿಸುತ್ತವೆ. ರೇಷನ್ ಕಾರ್ಡಾಗಲಿ, ಪಿಂಚಣಿಯಾಗಲಿ, ನನ್ನ ಕೈಯಿಂದ ಹೊರಟ ಅರ್ಜಿಯನ್ನು ಅಧಿಕಾರಿಗಳು ಎದ್ದು ನಿಂತು ಓದುತ್ತಾರೆ. ಒಬ್ಬರಂತೂ ಓದುತ್ತ ಓದುತ್ತ ಅತ್ತೇಬಿಟ್ಟರು. ಅದು ನಲ್ಲಿ ಸಂಪರ್ಕಕ್ಕೆ ಬರೆದ ಅರ್ಜಿ.

ಇಂಥ ನನಗೆ ತಂಗಿಯ ಮಗಳೊಬ್ಬಳಿದ್ದಾಳೆ, ಗಗನ. ನಮ್ಮ ಬೀದಿಯ ಕೊನೆಯ ಸರ್ಕಾರಿ ಶಾಲೆಯಲ್ಲಿ ಏಳನೆಯದು ಮುಗಿಸಿದಳು. ಅಲ್ಲಿ ಎಂಟನೇ ತರಗತಿಯಿಲ್ಲ. ರಾಮಕೃಷ್ಣನಗರದ ದೊಡ್ಡ ಖಾಸಗಿ ಶಾಲೆಯೊಂದು ಪ್ರತಿ ವರ್ಷ ಸರ್ಕಾರಿ ಶಾಲೆಯ ಮಕ್ಕಳಿಗೆಂದು ಎಂಟನೆಯದರಲ್ಲಿ ಎರಡು ಸೀಟುಗಳನ್ನು ಫೀಸಿಲ್ಲದೆ ಕೊಡುತ್ತದೆ. ಎರಡೇ ಎರಡು. ಈ ಸಲ ಅರ್ಜಿ ಹಾಕಿದವರು ಎರಡು ಲಕ್ಷ ಜನ. ಗಗನ ನೂರ ನಲವತ್ತು ಅನ್ನುತ್ತಾಳೆ. ಅವಳಿಗೆ ಎಣಿಸುವ ಚಟ.

ಹುಡುಗಿಗೆ ಆ ಶಾಲೆಯೇ ಬೇಕಿತ್ತು. ವಿಜ್ಞಾನ ಮೇಳಕ್ಕೆಂದು ಅಲ್ಲಿಗೆ ಹೋದವಳು ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಿ ಬಂದು, ಆರು ತಿಂಗಳು ಮನೆಯಲ್ಲಿ ಈರುಳ್ಳಿ ಹೆಚ್ಚಲು ಯಾರನ್ನೂ ಬಿಟ್ಟಿರಲಿಲ್ಲ.

ಅರ್ಜಿಯಲ್ಲಿ ‘ಪಠ್ಯೇತರ ಸಾಧನೆಗಳು’ ಎಂಬ ಕಾಲಂ ಇತ್ತು. ನಾಲ್ಕು ಗೆರೆ.

“ನಂದೇನೂ ಇಲ್ವಲ್ಲ ಮಾವ. ಖಾಲಿ ಬುಡು,” ಎಂದಳು ಗಗನ.

“ಖಾಲಿ ಬುಡಕ್ಕೆ ಇದೇನು ಸೈಟೇನಮ್ಮ? ಸುಮ್ನಿರು.”

ಕಂಪ್ಯೂಟರಿನಲ್ಲಿ ಟೈಪು ಮಾಡಿದೆ: ರಾಜ್ಯಮಟ್ಟದ ಕುದುರೆ ಸವಾರಿಯಲ್ಲಿ ದ್ವಿತೀಯ ಬಹುಮಾನ. ಪಿಟೀಲು ವಾದನ. ಕಪಿಲಾ ನದಿಯನ್ನು ಈಜಿ ದಾಟಿರುತ್ತಾಳೆ. ಪ್ರಥಮ ಎಂದು ಬರೆದರೆ ಯಾರೂ ನಂಬುವುದಿಲ್ಲ. ದ್ವಿತೀಯದಲ್ಲಿ ಒಂದು ವಿನಯವಿದೆ. ಗಗನ ಅದನ್ನು ಓದಿದಳು. ಒಂದು ಖಾಲಿ ಫಾರಂ ಕೇಳಿ ಪಡೆದು ಹೋದಳು. ನನ್ನ ಶೈಲಿಯನ್ನು ನೋಡಿ ಕಲಿಯಲು ಇರಬೇಕು ಅಂದುಕೊಂಡೆ.

ಪ್ರವೇಶ ಪರೀಕ್ಷೆ ಮುಗಿದು ಸಂದರ್ಶನಕ್ಕೆ ಕರೆ ಬಂತು. ಅವಳ ಅಮ್ಮ ದಿವ್ಯಳಿಗೆ ಕಡಕೊಳದ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ನನ್ನನ್ನೇ ಕಳಿಸಬೇಕಾಯಿತು.

“ಅಣ್ಣ, ಇದೊಂದಿನ ಬಾಯ್ ಮುಚ್ಕೊಂಡಿರು. ನಿನ್ ಕಾಲಿಗೆ ಬೀಳ್ತೀನಿ,” ಎಂದಳು.

“ನಾನ್ಯಾವತ್ತು ಮಾತಾಡಿದೀನಿ?” ಎಂದೆ.

ಆ ಶಾಲೆಯ ಗೇಟಿನಿಂದ ಆಫೀಸಿಗೆ ಹನ್ನೆರಡು ಮೈಲಿ. ಒಳಗೆ ಮುಖ್ಯೋಪಾಧ್ಯಾಯಿನಿ ಶಾಂತಾದೇವಿ ಕೂತಿದ್ದರು. ಪಕ್ಕದಲ್ಲಿ ಗುಮಾಸ್ತ ಚಂದ್ರಮೌಳಿ, ಮುಂದೆ ಕಡತಗಳು.

“ಕುದುರೆ ಹೆಸರೇನಮ್ಮ?” ಎಂದು ಶಾಂತಾದೇವಿ ಗಗನಳನ್ನು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ನಾನು, “ಬಾದಲ್ ಅಂತ ಮೇಡಂ. ಬಿಳೀದು. ಇವಳನ್ನ ಬಿಟ್ಟು ಬೇರೆ ಯಾರೇ ಹತ್ರ ಹೋದ್ರೂ ಕಚ್ಬುಡ್ತದೆ,” ಎಂದೆ.

“ಚಂದ್ರಮೌಳಿ, ಆ ಕಟ್ಟು ಕೊಡಿ.”

ಒಂದೊಂದಾಗಿ ಅರ್ಜಿಗಳನ್ನು ಮೇಜಿನ ಮೇಲೆ ಹರಡಿದರು. “ಅಭಿಲಾಷ್, ಕುದುರೆ ಸವಾರಿಯಲ್ಲಿ ದ್ವಿತೀಯ. ನಿಶಾಂತ್, ದ್ವಿತೀಯ. ಸುಷ್ಮಾ, ದ್ವಿತೀಯ. ಒಟ್ಟು ಹನ್ನೊಂದು ಮಕ್ಕಳು, ಎಲ್ಲರೂ ವಿದ್ಯಾರಣ್ಯಪುರಂನವರು, ಎಲ್ಲರೂ ಕಪಿಲಾ ನದಿ ದಾಟಿದ್ದಾರೆ. ಮೊದಲನೇ ಬಹುಮಾನ ಯಾರಿಗೆ ಬಂತು, ಸಿದ್ದರಾಜು ಅವರೇ?”

“ಅದು... ಮಂಡ್ಯದ ಹುಡುಗ ಒಬ್ಬ, ಮೇಡಂ.”

ಚಂದ್ರಮೌಳಿಗೆ ಕೆಮ್ಮು ಬಂತು.

ಆದದ್ದಿಷ್ಟೆ. ಗಗನಳ ಅರ್ಜಿ ಅಷ್ಟು ಚೆನ್ನಾಗಿ ಬಂದಿತ್ತಲ್ಲ, ಅಳಿಸಲು ಮನಸ್ಸಾಗದೆ ಉಳಿಸಿಕೊಂಡೆ. ಬೀದಿಯ ಇನ್ನೂ ಹತ್ತು ಮಕ್ಕಳು ಬಂದಾಗ ಹೆಸರು ಮಾತ್ರ ಬದಲಾಯಿಸಿ ಪ್ರಿಂಟು ತೆಗೆದೆ. ಒಬ್ಬೊಬ್ಬರಿಗೆ ಒಂದೊಂದು ಪ್ರಾಣಿ ಹಾಕಬಹುದಿತ್ತು ಎಂಬುದು ಆ ಕುರ್ಚಿಯಲ್ಲಿ ಕೂತಾಗ ಹೊಳೆಯಿತು.

ಶಾಂತಾದೇವಿ ಇನ್ನೊಂದು ಹಾಳೆ ತೆಗೆದರು. “ಇದೇ ಹುಡುಗಿಯ ಹೆಸರಲ್ಲಿ ಕೈಬರಹದ್ದೊಂದು ಅರ್ಜಿ ಗೇಟಿನ ಹತ್ತಿರದ ನಮ್ಮ ಅರ್ಜಿ ಪೆಟ್ಟಿಗೇಲಿತ್ತು.” ಸಾಧನೆಯ ಕಾಲಂ ಓದಿದರು: “‘ನಮ್ಮ ಶಾಲೆಯಲ್ಲಿ ದಿನಾ ಬೆಳಿಗ್ಗೆ ಎಷ್ಟು ಮಕ್ಕಳು ಬಂದಿದ್ದಾರೆಂದು ಎಣಿಸಿ ಬಿಸಿಯೂಟದ ಬಸವಮ್ಮನವರಿಗೆ ಹೇಳುತ್ತೇನೆ. ಅದನ್ನು ನೋಡಿ ಅವರು ಅಕ್ಕಿ ಹಾಕುತ್ತಾರೆ. ಈ ವರ್ಷ ಎರಡು ದಿನ ಎಣಿಕೆ ತಪ್ಪಿದೆ.’ ತಪ್ಪಿದಾಗ ಏನಾಯ್ತಮ್ಮ?”

“ಒಂದಿನ ಅನ್ನ ಉಳೀತು ಮಿಸ್. ಇನ್ನೊಂದಿನ ಸಾಲ್ಲಿಲ್ಲ. ಅವತ್ತು ನಾನೇ ಕೊನೇಲಿ ಕೂತ್ಕೊಂಡೆ.”

ಆ ದಿನ ನನಗೆ ನೆನಪಿತ್ತು. ಸಂಜೆ ಅಂಗಡಿಗೆ ಬಂದು ಎರಡು ಬನ್ನು ತಿಂದಿದ್ದಳು. ಇಪ್ಪತ್ತು ಬನ್ನು ತಿಂದಳೆಂದು ನಾನು ಬೀದಿಗೆಲ್ಲ ಹೇಳಿ ನಗಿಸಿದ್ದೆ.

“ಪ್ರವೇಶ ಪರೀಕ್ಷೆಯಲ್ಲಿ ಇವಳು ದ್ವಿತೀಯ. ಇದು ನಿಜವಾದ ದ್ವಿತೀಯ,” ಎಂದರು ಶಾಂತಾದೇವಿ. “ಆದರೆ ಸುಳ್ಳು ಮಾಹಿತಿ ಕೊಟ್ಟವರ ಅರ್ಜಿ ತಿರಸ್ಕರಿಸಬೇಕು ಅಂತ ನಿಯಮ ಇದೆ. ಇಲ್ಲಿ ಒಂದೇ ಹೆಸರಿಗೆ ಎರಡು ಅರ್ಜಿ. ಯಾವುದು ಸುಳ್ಳು, ಬರೆದವರು ಯಾರು? ಬರವಣಿಗೇಲಿ ಕೊಟ್ಟರೆ ಮಾತ್ರ ಇವಳ ಹೆಸರು ಉಳಿಯುತ್ತೆ.”

ನನ್ನ ಬಾಯಲ್ಲಿ ಮೂರು ಉತ್ತರಗಳು ಸಿದ್ಧವಾಗಿದ್ದವು. ಕಂಪ್ಯೂಟರಿಗೆ ವೈರಸ್ ಬಂದಿತ್ತು. ನಮ್ಮ ಬೀದಿಯಲ್ಲಿ ಇನ್ನೊಬ್ಬಳು ಗಗನ ಇದ್ದಾಳೆ. ಮೂರನೆಯದು ಇವೆರಡಕ್ಕಿಂತಲೂ ಚೆನ್ನಾಗಿತ್ತು. ಗಗನ ನನ್ನತ್ತ ನೋಡಲಿಲ್ಲ. ಕಿಟಕಿಯಾಚೆ ಕಾಣುತ್ತಿದ್ದ ಪ್ರಯೋಗಾಲಯದ ಬಾಗಿಲನ್ನು ನೋಡುತ್ತ ಕೂತಿದ್ದಳು.

ಪೆನ್ನು ತೆಗೆದುಕೊಂಡು ಬರೆಯತೊಡಗಿದೆ: ‘ಸಿದ್ದರಾಜು ಎಂಬ ನಾನು ಇದುವರೆಗೆ ಹತ್ತು ಸಾವಿರ ಸುಳ್ಳು ಅರ್ಜಿಗಳನ್ನು ಬರೆದ ಮಹಾಪಾಪಿ...’

“ಹನ್ನೊಂದು, ಮಾವ,” ಎಂದಳು ಗಗನ ಪಕ್ಕದಿಂದ.

ಹೊಡೆದುಹಾಕಿ ಹನ್ನೊಂದು ಎಂದು ಬರೆದೆ.

“ಮಹಾಪಾಪಿ ಬ್ಯಾಡ.”

ಅದನ್ನೂ ಹೊಡೆದೆ. ‘ಇದರಿಂದ ಇಡೀ ಮೈಸೂರು ಜಿಲ್ಲೆಗೇ...’

“ಮಾವ.”

ಕೊನೆಗೆ ಉಳಿದದ್ದು ಇಷ್ಟು: ‘ಹನ್ನೊಂದು ಅರ್ಜಿಗಳಲ್ಲಿರುವ ಸಾಧನೆಗಳು ನಾನು ಬರೆದ ಸುಳ್ಳು. ಮಕ್ಕಳ ತಪ್ಪಿಲ್ಲ. ಗಗನ ಕೈಯಲ್ಲಿ ಬರೆದಿರುವುದು ನಿಜ. ಅವಳಿಗೆ ಈಜು ಬರುವುದಿಲ್ಲ.’

ಶಾಂತಾದೇವಿ ಅದನ್ನು ಗಗನಳ ಕೈಬರಹದ ಅರ್ಜಿಗೆ ಪಿನ್ನು ಹಾಕಿದರು. ಉಳಿದ ಹತ್ತು ಅರ್ಜಿಗಳಲ್ಲಿ ಆ ಕಾಲಂ ಮಾತ್ರ ಹೊಡೆದುಹಾಕಿ, ತಿರಸ್ಕರಿಸಬೇಡಿ ಎಂದು ಚಂದ್ರಮೌಳಿಗೆ ಹೇಳಿದರು. “ಸೋಮವಾರ ಟೀಸಿ ತಗೊಂಡು ಬಾಮ್ಮ,” ಎಂದರು ಗಗನಳಿಗೆ. ನಂತರ ನನ್ನ ಕಡೆ ತಿರುಗಿ, “ಕುದುರೆ ವಿಷಯ ಬರೆದಿಲ್ಲ,” ಎಂದು ಹಾಳೆಯನ್ನು ಮತ್ತೆ ನನ್ನ ಮುಂದೆ ತಳ್ಳಿದರು.

ಕೆಳಗೆ ಸೇರಿಸಿದೆ: ‘ಬಾದಲ್ ಎಂಬ ಕುದುರೆ ಇಲ್ಲ. ಅರಮನೆಯ ಮುಂದೆ ಟಾಂಗಾ ಕುದುರೆಯೊಂದು ಸೀನಿದ್ದಕ್ಕೆ ನಾನು ಓಡಿಹೋಗಿದ್ದೆ.’

ಎಷ್ಟು ದೂರ ಓಡಿದೆ ಎಂದು ಬರೆಯುವಷ್ಟರಲ್ಲಿ ಗಗನ ಪೆನ್ನು ಕಿತ್ತುಕೊಂಡಳು.